ಸಂಜೆ ಹೇಳುವ ಕೆಲಸ

ಐವತ್ತು ದಾಟಿದವನು ಕೆಲಸ ಕೇಳಲು ಹೋದರೆ ಯಾರೂ ಅವನ ಮುಖ ನೋಡುವುದಿಲ್ಲ. ಕೂದಲು ನೋಡುತ್ತಾರೆ. ಆಮೇಲೆ ಹಲ್ಲು ನೋಡುತ್ತಾರೆ. ಆಮೇಲೆ ಗಡಿಯಾರ ನೋಡುತ್ತಾರೆ. ಎತ್ತು ಕೊಳ್ಳಲು ಬಂದವನು ಇವರಿಗಿಂತ ವಾಸಿ. ಬೇಡವಾದರೂ ಒಮ್ಮೆ ಬೆನ್ನು ತಟ್ಟಿ ಹೋಗುತ್ತಾನೆ.

ಬೈಂಡರ್‌ನ ಬೆನ್ನು ತಟ್ಟಿದವರೂ ಇರಲಿಲ್ಲ. ಅವನು ದುಡಿಯುತ್ತಿದ್ದ ಪ್ರೆಸ್ಸು ಮುಚ್ಚಿ ಆರು ವರ್ಷವಾಗಿತ್ತು. ಪುಸ್ತಕಗಳಿಗೆ ರಟ್ಟು ಕಟ್ಟಿ ಕಟ್ಟಿ ಅವನ ಹೆಬ್ಬೆರಳು ಚಪ್ಪಟೆಯಾಗಿತ್ತು. ಆ ಹೆಬ್ಬೆರಳು ಈಗ ಯಾರಿಗೂ ಬೇಕಿರಲಿಲ್ಲ. ವಾಚ್‌ಮನ್ ಕೆಲಸ ಕೇಳಿದ, ಕಣ್ಣು ಸಾಲದು ಅಂದರು. ಗೋಡೌನಿಗೆ ಹೋದ, ಸೊಂಟ ಸಾಲದು ಅಂದರು. ಬಟ್ಟೆ ಅಂಗಡಿಯವನಂತೂ ನಕ್ಕೇಬಿಟ್ಟ. ಎಲ್ಲ ಕಡೆಯೂ ಒಂದೇ ಪ್ರಶ್ನೆ: "ಇಷ್ಟು ವರ್ಷ ಏನ್ ಮಾಡ್ತಿದ್ರಿ?" ಏನು ಮಾಡುತ್ತಿದ್ದ? ಕೆಲಸ ಹುಡುಕುತ್ತಿದ್ದ. ಹಾಗೆಂದರೆ ಅವರ ಮೂತಿ ಸೊಟ್ಟಗಾಗುತ್ತಿತ್ತು. ಕೆಲಸ ಇಲ್ಲ ಅನ್ನುವುದೇ ಕೆಲಸ ಕೊಡದಿರಲು ಕಾರಣ. ಥೂ, ಇವರ ನ್ಯಾಯಕ್ಕಿಷ್ಟು.

ಮನೆ ನಡೆಯುತ್ತಿದ್ದುದು ಹೆಂಡತಿಯ ರಟ್ಟೆಯಿಂದ. ಅವಳು ಒಂದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿದ್ದಳು. ಭಾರ ಎತ್ತಿ ಎತ್ತಿ ಅವಳ ಗರ್ಭಕೋಶ ಜಾರಿತ್ತು. ಜಾರಿದ್ದನ್ನು ಬಟ್ಟೆ ಬಿಗಿದು ಮೇಲಕ್ಕೆ ನಿಲ್ಲಿಸಿಕೊಂಡು ದಿನಾ ಕೆಲಸಕ್ಕೆ ಹೋಗುತ್ತಿದ್ದಳು. ಡಾಕ್ಟರಮ್ಮ ಬೈದಿದ್ದಳು. ಆಪರೇಷನ್ ಆಗಬೇಕು, ಮೂರು ತಿಂಗಳು ಒಂದು ಕೊಡ ನೀರೂ ಎತ್ತಬಾರದು.

"ಮೂರು ತಿಂಗಳು ಮಲಗಿದ್ರೆ ಒಲೆ ಮೇಲೆ ಏನಿಡೋದು, ನನ್ನ ತಲೇನಾ?" ಎಂದು ಅವಳು ಕೇಳಿದ್ದಳು. ಕೇಳಿದ್ದು ಡಾಕ್ಟರನ್ನಲ್ಲ, ಪಕ್ಕದಲ್ಲಿ ಕೂತಿದ್ದ ಗಂಡನನ್ನು. ಅವನಿಗೊಂದು ಕೆಲಸ ಸಿಕ್ಕಿದ ದಿನ ಅವಳು ಆಸ್ಪತ್ರೆಗೆ ಸೇರುವುದು ಎಂದು ಮಾತಾಯಿತು. ಆ ದಿನ ಬರಲಿಲ್ಲ. ಅವಳು ಬಟ್ಟೆಯನ್ನು ಇನ್ನಷ್ಟು ಬಿಗಿಯುತ್ತ ಹೋದಳು.

ಒಂದು ಭಾನುವಾರ ಅವಳ ತಮ್ಮ ಬಂದ. ಲಾಂಡ್ರಿಯೊಂದರಲ್ಲಿ ವ್ಯಾನ್ ಓಡಿಸುತ್ತಿದ್ದ. ಆಸ್ಪತ್ರೆಗಳ ಕೊಳೆ ಬಟ್ಟೆ ತರುವುದು, ಒಗೆದದ್ದನ್ನು ವಾಪಸು ಮುಟ್ಟಿಸುವುದು ಅವನ ಕೆಲಸ.

"ಭಾವ, ನಮ್ಮಲ್ಲಿ ಜನ ಬೇಕಂತೆ. ಅದೂ ವಯಸ್ಸಾದವರೇ ಬೇಕಂತೆ."

"ವಯಸ್ಸಾದವರೇ? ಯಾಕೋ?"

"ನನಗೇನ್ ಗೊತ್ತು? ಮಾಲೀಕರ ಮನಸ್ಸು ದೊಡ್ಡದು ಅನ್ಕೊಳ್ಳಿ."

ಹೆಂಡತಿಗೆ ನಂಬಿಕೆ ಬರಲಿಲ್ಲ. "ಯಾವುದಕ್ಕೂ ಕೂದಲಿಗೆ ಬಣ್ಣ ಹಚ್ಕೊಂಡು ಹೋಗಿ. ವಯಸ್ಸಾದವರು ಬೇಕು ಅಂದಿದಾರೆ, ಸಾಯೋರು ಬೇಕು ಅಂದಿಲ್ಲ." ಅವಳೇ ಕೂರಿಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ, ಕಿವಿಯ ಹಿಂದೆಲ್ಲ ತಿಕ್ಕಿ ತಿಕ್ಕಿ ಹಚ್ಚಿದಳು. ಅಗ್ಗದ ಬಣ್ಣ. ತಲೆ ಬೂಟಿಗೆ ಪಾಲಿಶ್ ಹೊಡೆದಂತೆ ಹೊಳೆಯಿತು.

ಲಾಂಡ್ರಿಯ ಗೇಟಿನಲ್ಲಿ ಮೇಸ್ತ್ರಿ ನಿಂತಿದ್ದ. ಅಲ್ಲಿ ಸಂಬಳ ತಿನ್ನುವವರೆಂದರೆ ಅವನು, ಮೆಷಿನ್ನಿನ ಇಬ್ಬರು, ವ್ಯಾನಿನವನು. ಅಷ್ಟೇ. ಬೈಂಡರ್ ಜೊತೆ ಇನ್ನೂ ನಾಲ್ಕು ಜನ ಬಂದಿದ್ದರು. ಎಲ್ಲರೂ ಅವನ ಓರಗೆಯವರೇ. ಎಲ್ಲರ ತಲೆಯೂ ಕಡುಕಪ್ಪು.

"ಮೂರು ದಿನ ಟ್ರಯಲ್ಲು," ಅಂದ ಮೇಸ್ತ್ರಿ. "ಟ್ರಯಲ್ಲಿಗೆ ಸಂಬಳ ಇಲ್ಲ. ಚಹಾ ಕೊಡ್ತೀವಿ, ಬ್ರೆಡ್ ಕೊಡ್ತೀವಿ. ಪಾಸಾದವರು ಪರ್ಮನೆಂಟು. ಆಗ್ದಿದ್ದವರು ನಮಸ್ಕಾರ."

ಒಳಗೆ ಗಂಟುಗಳ ಗುಡ್ಡ ಬಿದ್ದಿತ್ತು. ಅವುಗಳನ್ನು ಬಿಚ್ಚಿ, ಬಟ್ಟೆ ಬೇರೆ ಬೇರೆ ಮಾಡಿ ಮೆಷಿನ್ನಿಗೆ ತುಂಬಬೇಕು. ಬೈಂಡರ್ ಮೊದಲ ಗಂಟು ಬಿಚ್ಚಿದ. ವಾಸನೆ ಮೂಗಿಗೆ ಬರಲಿಲ್ಲ, ಕೆನ್ನೆಗೆ ಹೊಡೆಯಿತು. ರಕ್ತ ಒಣಗಿ ರಟ್ಟಿನಂತಾದ ಶೀಟು. ಕೀವು. ಹೇಲು. ಯಾರೋ ಕೊನೆಯ ಊಟವನ್ನೆಲ್ಲ ಕಕ್ಕಿದ್ದ ದಿಂಬಿನ ಚೀಲ. ಹತ್ತಿಯ ಉಂಡೆಯೊಂದರಲ್ಲಿ ಬುಡಸಮೇತ ಕಿತ್ತ ಹಲ್ಲು. ಕೈ ಹಾಕಿದರೆ ಏನು ಸಿಗುತ್ತದೋ ಗೊತ್ತಿಲ್ಲ. ಪಕ್ಕದವನ ಅಂಗೈಗೆ ಸೂಜಿ ಚುಚ್ಚಿತು.

"ಗ್ಲೌಸ್ ಇಲ್ವಾ?" ಬೈಂಡರ್ ಕೇಳಿದ.

"ಪಾಸಾಗು, ಕೊಡ್ತೀವಿ," ಅಂದ ಮೇಸ್ತ್ರಿ. "ಮೂರು ದಿನದ ಅಳಿಯನಿಗೆ ಉಂಗುರ ಹಾಕ್ತಾರೇನೋ?"

ನೆನೆದ ಶೀಟು ಹೆಣಕ್ಕಿಂತ ಭಾರ. ಮೆಷಿನ್ನಿನಿಂದ ಎಳೆದು, ತಳ್ಳುಗಾಡಿಗೆ ಹೇರಿ, ಒಣಗಿಸುವ ಡ್ರಮ್ಮಿಗೆ ತುಂಬಬೇಕು. ಅಲ್ಲಿಂದ ಇಸ್ತ್ರಿ ರೋಲರು. ಆಮೇಲೆ ಮೇಜಿನ ಮೇಲೆ ಮಡಿಸುವುದು. ಮಡಿಸುವಲ್ಲಿ ಅವರ ಗುಂಪಿನವಳೇ ಆದ ದಪ್ಪ ಕನ್ನಡಕದ ಹೆಂಗಸೊಬ್ಬಳಿದ್ದಳು. ಹಿಂದೆ ಯಾವುದೋ ಕಂಪನಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ಫೋನಿಗೆ ಆಪರೇಟರ್ ಬೇಡವಾದ ಮೇಲೆ ಮನೆ ಸೇರಿದ್ದಳು. ಮೊದಲ ದಿನವೇ ಎಲ್ಲರಿಗೂ ಆಪರೇಟರ್ ಅಕ್ಕ ಆದಳು. ಯಾರು ಏನು ಕೇಳಿದರೂ "ಒಂದು ನಿಮಿಷ, ಲೈನಲ್ಲಿರಿ" ಅನ್ನುವಳು. ಆ ನರಕದಲ್ಲೂ ಅದನ್ನು ಕೇಳಿದರೆ ನಗು ಬರುತ್ತಿತ್ತು.

ಎರಡನೆಯ ದಿನ ರೋಲರಿನ ಹಬೆಗೆ ಬೈಂಡರ್‌ನ ತಲೆ ಬೆವರಿತು. ಬೆವರು ಹಣೆಗೆ ಇಳಿಯಿತು. ಒಗೆದು ಬೆಳ್ಳಗಾದ ಶೀಟಿನ ಮೇಲೆ ತೊಟ್ಟು ತೊಟ್ಟಾಗಿ ಬಿತ್ತು. ಕಪ್ಪು.

ಮೇಸ್ತ್ರಿ ಶೀಟನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. "ಲೋ ಯಜಮಾನ, ನಿನ್ನ ವಯಸ್ಸು ಸೋರ್ತಾ ಇದೆ ನೋಡೋ! ಒಂದು ಬಕೆಟ್ ಇಡ್ಲಾ?"

ಮೆಷಿನ್ನಿನವರು ಹೊಟ್ಟೆ ಹಿಡಿದು ನಕ್ಕರು. ಬೈಂಡರ್ ಅಂಗಿಯ ತೋಳಿನಿಂದ ಹಣೆ ಒರೆಸಿಕೊಂಡ. ಮುಖವೆಲ್ಲ ಮಸಿಯಾಯಿತು. "ಸಾರಿ ಮೇಸ್ತ್ರಿ. ಮತ್ತೆ ಒಗೀತೀನಿ," ಅಂದ. ಆ ಶೀಟನ್ನು ಕಲ್ಲಿನ ಮೇಲೆ ಹಾಕಿ ಕೈಯಲ್ಲೇ ಉಜ್ಜಿದ. ಆಪರೇಟರ್ ಅಕ್ಕ ಹತ್ತಿರ ಬಂದು ತನ್ನ ತಲೆಯ ಟವೆಲ್ಲಿನ ಅಂಚು ಎತ್ತಿ ತೋರಿಸಿದಳು. ಒಳಗೆಲ್ಲ ಕಪ್ಪು. "ನಂದೂ ಸೋರ್ತಿದೆ ತಮ್ಮಾ. ನಾನು ಮೊದ್ಲೇ ಅಣೆಕಟ್ಟು ಕಟ್ಕೊಂಡೇ ಬಂದಿದೀನಿ," ಅಂದಳು.

ಮೂರನೆಯ ದಿನ ಸಂಜೆ, ಕೊನೆಯ ಶೀಟು ವ್ಯಾನಿಗೆ ಏರಿದ ಮೇಲೆ, ಮೇಸ್ತ್ರಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ. "ಸ್ಪೀಡ್ ಸಾಲಲ್ಲ. ನಾಳೆಯಿಂದ ಬರಬೇಡಿ."

"ನಾಳೆ ಇನ್ನೂ ಬೇಗ ಮಡಿಸ್ತೀನಪ್ಪ," ಅಂದಳು ಆಪರೇಟರ್ ಅಕ್ಕ.

"ನಾಳೆ ಇಲ್ಲಮ್ಮ. ಲೈನ್ ಕಟ್ಟು."

ಅವಳು ಜಗಳ ಮಾಡಲಿಲ್ಲ. ತನ್ನ ಬೆರಳುಗಳನ್ನು ನೋಡಿಕೊಂಡಳು. ಹೊಲಸು ಮಾಡಿದ ಮಗುವನ್ನು ನೋಡುವ ಹಾಗೆ ನೋಡಿಕೊಂಡಳು. ತಲೆತಗ್ಗಿಸಿ ಹೋದಳು. ಉಳಿದವರೂ ಹೋದರು. ಬೈಂಡರ್ ಕೂಡ ಹೊರಟಿದ್ದ. "ನೀನು ಇರು. ಮಾಲೀಕರು ಕರೀತಾರೆ," ಅಂದ ಮೇಸ್ತ್ರಿ.

ಮಾಲೀಕನ ಕೋಣೆಗೆ ಗಾಜಿನ ಬಾಗಿಲು. ಒಳಗೆ ಸೆಂಟಿನ ವಾಸನೆ. ಅವನು ಕಿತ್ತಳೆ ಸುಲಿಯುತ್ತಿದ್ದ. ಕೂರು ಅನ್ನಲಿಲ್ಲ.

"ನಿನ್ನೆ ಬಣ್ಣ ಸೋರಿದಾಗ ಮೇಸ್ತ್ರಿಗೆ ಸಾರಿ ಕೇಳಿದೆಯಂತೆ?"

"ಹೌದು ಸಾರ್. ತಪ್ಪಾಯ್ತು."

"ತಪ್ಪಲ್ಲ ಮಾರಾಯ. ಅದಕ್ಕೇ ನೀನು ಪಾಸು. ಬೈದವನಿಗೇ ಸಾರಿ ಕೇಳೋ ಮನುಷ್ಯನ್ನ ಎಷ್ಟು ದಿನದಿಂದ ಹುಡುಕ್ತಿದೀನಿ."

ಆಮೇಲೆ ಅವನು ಎಲ್ಲವನ್ನೂ ಬಿಡಿಸಿ ಹೇಳಿದ. ನಾಚಿಕೆಯಿಲ್ಲದೆ ಹೇಳಿದ. ತೊಳೆ ಬಾಯಿಗಿಟ್ಟುಕೊಳ್ಳುತ್ತ, ಬೀಜ ಉಗುಳುತ್ತ ಹೇಳಿದ. ಪರ್ಮನೆಂಟ್ ಜನ ಅವನಿಗೆ ಬೇಕಿಲ್ಲ. ಮೂರು ದಿನಕ್ಕೊಂದು ಗುಂಪು ಬರುತ್ತದೆ, ಹೋಗುತ್ತದೆ. ಸಂಬಳವಿಲ್ಲ, ರಜೆಯಿಲ್ಲ, ಗ್ಲೌಸಿಲ್ಲ. ಲಾಂಡ್ರಿ ನಡೆಯುತ್ತಿರುವುದೇ ಟ್ರಯಲ್ಲಿನ ಮೇಲೆ.

"ಹುಡುಗರನ್ನ ಇಟ್ಕೊಂಡ್ರೆ ಸಂಜೆಗೇ ದುಡ್ಡು ಕೇಳ್ತಾರೆ, ಕಲ್ಲು ಹೊಡೀತಾರೆ. ನಿಮ್ಮಂಥವರು ಹಾಗಲ್ಲ. ವರ್ಷಗಟ್ಟಲೆ ಮನೇಲಿ ಕೂತು ಬಂದಿರ್ತೀರ. ಆಗಲ್ಲ ಅಂದ್ರೆ ತಪ್ಪು ನಮ್ದೇ ಅನ್ಕೊಂಡು ಹೋಗ್ತೀರ. ನಾಚಿಕೆಗೆ ಯಾರ ಹತ್ರಾನೂ ಹೇಳಲ್ಲ. ಮೇಸ್ತ್ರಿ ಬಾಯಿ ಒರಟು. ನೀನು ಹೇಳಿದ್ರೆ, ನಮ್ಮವನೇ ಒಬ್ಬ ಹೇಳ್ತಿದಾನೆ ಅಂತ ತಣ್ಣಗೆ ಹೋಗ್ತಾರೆ. ಬೆಳಿಗ್ಗೆ ಕರ್ಕೊಳ್ಳೋದು, ಮೂರನೇ ದಿನ ಸಂಜೆ ಹೇಳೋದು. ಅಷ್ಟೇ ನಿನ್ನ ಕೆಲಸ. ತಿಂಗಳ ಸಂಬಳ."

"ಪಾಸಾಗೋರು ಯಾರೂ ಇಲ್ವಾ ಸಾರ್?"

"ನೀನಾದೆಯಲ್ಲ."

ಬೈಂಡರ್‌ಗೆ ಆಗಲೇ ಆ ಮುಖಕ್ಕೆ ಉಗಿಯಬೇಕಿತ್ತು. ಉಗಿಯಲಿಲ್ಲ. ಅವನ ಕಣ್ಣ ಮುಂದೆ ಬಟ್ಟೆ ಬಿಗಿದುಕೊಳ್ಳುವ ಹೆಂಡತಿಯಿದ್ದಳು. "ಆಯ್ತು ಸಾರ್," ಅಂದ. ಮೇಸ್ತ್ರಿ ಹೊಸ ಗ್ಲೌಸು ತಂದುಕೊಟ್ಟ. ಈಗ ಬೈಂಡರಣ್ಣ ಅಂತಲೂ ಕರೆದ. ಗಂಟು ಮುಟ್ಟಬೇಕಿಲ್ಲದ ಕೈಗೆ ಗ್ಲೌಸು!

ಮನೆಯಲ್ಲಿ ಹೆಂಡತಿ ಒಲೆಯ ಮುಂದೆ ಕೂತಿದ್ದಳು. ನಿಂತು ಅಡುಗೆ ಮಾಡುವುದನ್ನು ಬಿಟ್ಟಿದ್ದಳು. "ಸಿಕ್ತು," ಅಂದ. ಅವಳು ಸೌಟು ಕೆಳಗಿಟ್ಟಳು.

"ನಿಜವಾಗ್ಲೂ? ಏನು ಕೆಲಸ?"

"ಜನರನ್ನ ನೋಡ್ಕೊಳ್ಳೋದು."

"ಅಯ್ಯೋ ದೇವರೇ! ನಿಮ್ಮನ್ನ ನೋಡ್ಕೊಳ್ಳೋಕೇ ಒಬ್ಬರು ಬೇಕು," ಎಂದು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಮೊದಲ ಸಂಬಳ ಬರುತ್ತಿದ್ದಂತೆ ಆಸ್ಪತ್ರೆಗೆ ಸೇರುವುದೆಂದಳು. ಅವತ್ತು ಅವಳು ಹೊಟ್ಟೆ ತುಂಬ ಉಂಡಳು. ಅವನು ತನ್ನ ತಟ್ಟೆಯ ಅನ್ನವನ್ನೂ ಅವಳ ಕಡೆ ಸರಿಸಿದ.

ಮುಂದಿನ ಗುಂಪಿನಲ್ಲಿ ಒಬ್ಬ ಹಳೇ ಬಸ್ ಕಂಡಕ್ಟರ್ ಇದ್ದ. ಮೂರು ದಿನ ಎತ್ತಿನ ಹಾಗೆ ದುಡಿದ. ಮೂರನೆಯ ದಿನ ಸಂಜೆ ಬೈಂಡರ್ ನೆಲ ನೋಡುತ್ತ ಹೇಳಿದ. "ಸ್ಪೀಡ್ ಸಾಲ್ತಿಲ್ಲ ಅಂತೆ. ಬೇಜಾರು ಮಾಡ್ಕೋಬೇಡಿ." ಕಂಡಕ್ಟರ್ ಅವನ ಎರಡೂ ಕೈ ಹಿಡಿದುಕೊಂಡ. "ನೀವಾದ್ರೂ ಮರ್ಯಾದೆಯಿಂದ ಹೇಳಿದ್ರಿ ಅಣ್ಣ. ಬೇರೆ ಕಡೆ ನಾಯಿ ಅಟ್ಟಿದ ಹಾಗೆ ಅಟ್ತಾರೆ. ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ಅವನು ಹೋದ ಮೇಲೆ ಬೈಂಡರ್ ಬ್ಲೀಚಿನ ಡಬ್ಬಿಗೆ ಕೈ ಅದ್ದಿದ. ಚರ್ಮ ಬಿಳುಚಿ ಸುಲಿಯುವ ತನಕ ತಿಕ್ಕಿದ. ಹೇಲು ಮುಟ್ಟಿದಾಗ ಹತ್ತದ ಅಸಹ್ಯ ಈಗ ಹತ್ತಿತ್ತು. ಅದು ಬ್ಲೀಚಿಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಹೊಸ ಗುಂಪು ನಿಂತಿತ್ತು. ಎಲ್ಲರಿಗಿಂತ ಮುಂದೆ ಆಪರೇಟರ್ ಅಕ್ಕ. ಕೂದಲಿಗೆ ಹೊಸದಾಗಿ ಬಣ್ಣ ಹಚ್ಚಿದ್ದಳು.

"ಅಕ್ಕ, ನೀವ್ಯಾಕೆ ಮತ್ತೆ ಬಂದ್ರಿ?"

ಅವಳು ಅವನನ್ನು ಪಕ್ಕಕ್ಕೆ ಕರೆದಳು. ಪಿಸುಗುಟ್ಟಿದಳು. "ನೀನು ಪಾಸಾದೆಯಲ್ಲ ತಮ್ಮಾ, ನಾನೂ ಆಗ್ತೀನಿ. ಮೇಸ್ತ್ರಿಗೆ ನನ್ನ ನೆನಪು ಮಾಡಬೇಡ. ನಾನು ಮನೇಲಿ ಪ್ರಾಕ್ಟೀಸ್ ಮಾಡಿದೀನಿ. ಇರೋ ಎರಡು ಶೀಟನ್ನೇ ಮಡಿಸೋದು, ಬಿಚ್ಚೋದು, ಮಡಿಸೋದು. ಸೊಸೆ ನನಗೆ ತಲೆ ಕೆಟ್ಟಿದೆ ಅಂದ್ಳು. ಅನ್ಲಿ. ಈಗ ನೋಡು ನನ್ನ ಸ್ಪೀಡು."

ಬೈಂಡರ್ ಗೇಟು ಹಿಡಿದೇ ನಿಂತ. ಅವಳು ಅವನ ಭುಜ ತಟ್ಟಿ ಒಳಗೆ ಹೋದಳು.

ಮಧ್ಯಾಹ್ನದ ಹೊತ್ತಿಗೆ ಮೆಷಿನ್ನುಗಳು ಭರ್ತಿಯಾಗಿ ತಿರುಗುತ್ತಿದ್ದವು. ತಳ್ಳುಗಾಡಿಗಳ ತುಂಬ ಒದ್ದೆ ಶೀಟು. ಒಂದು ಕಡೆ ಇನ್ನೂ ಬಿಚ್ಚದ ಗಂಟುಗಳು. ಸಂಜೆಯೊಳಗೆ ಮೂರು ಆಸ್ಪತ್ರೆಗಳಿಗೆ ಮುಟ್ಟಬೇಕು. ಆಪರೇಟರ್ ಅಕ್ಕ ಮಡಿಸುತ್ತಿದ್ದಳು. ಅಂಚಿಗೆ ಅಂಚು ಸೇರಿಸಿ, ಝಾಡಿಸಿ, ಮಡಿಸಿ, ಒತ್ತಿ, ಇಟ್ಟಳು. ಮತ್ತೊಂದು. ಮತ್ತೊಂದು. ಅವಳ ಮೇಜಿನ ಮೇಲೆ ಬಿಳಿ ಗೋಡೆ ಏಳುತ್ತಿತ್ತು. ನಡುವೆ ತಲೆಯೆತ್ತಿ, ಪರೀಕ್ಷೆಯಲ್ಲಿ ಎಲ್ಲ ಬರೆದ ಹುಡುಗಿಯ ಹಾಗೆ, ಬೈಂಡರ್ ಕಡೆ ನೋಡಿ ಕಣ್ಣು ಮಿಟುಕಿಸಿದಳು.

ಬೈಂಡರ್ ಅವಳ ಮೇಜಿನ ಕಡೆ ಎರಡು ಹೆಜ್ಜೆ ಇಟ್ಟ. ಅಲ್ಲೇ ಮೋರಿಗೆ ಉಗಿದ. ಉಗಿದು ಕೂಗಿದ.

"ಎಲ್ರೂ ಕೈ ನಿಲ್ಸಿ! ನಾಳಿದ್ದು ಸಂಜೆ ನಿಮ್ಮನ್ನೆಲ್ಲ ಕಳಿಸ್ತಾರೆ. ಸ್ಪೀಡ್ ಸಾಲಲ್ಲ ಅಂತಾರೆ. ಸುಳ್ಳು. ಇಲ್ಲಿ ಯಾರೂ ಪಾಸಾಗಲ್ಲ. ಪುಕ್ಕಟೆ ದುಡಿಸ್ಕೊಂಡು ಕಳಿಸೋದು, ಮತ್ತೆ ಬೇರೆಯವರನ್ನ ಕರೆಯೋದು. ನಿಮಗೆ ಸಂಜೆ ಹೇಳೋಕೇ ನನಗೆ ಸಂಬಳ."

ಒಬ್ಬ ಬಡಕಲು ಮುದುಕ ಮೇಲೆರಗಿ ಬಂದ. "ನಿನ್ನ ಹೊಟ್ಟೆ ತುಂಬ್ತು, ಈಗ ನಮ್ಮ ತಟ್ಟೆಗೆ ಮಣ್ಣು ಹಾಕ್ತೀಯೇನೋ? ನನ್ನ ಟ್ರಯಲ್ ನಾನು ಮುಗಿಸ್ತೀನಿ!"

"ಮುಗಿಸು. ಆಮೇಲೆ ಈ ಅಕ್ಕನ ಹಾಗೆ ಮನೇಲಿ ಪ್ರಾಕ್ಟೀಸ್ ಮಾಡು," ಅಂದ ಬೈಂಡರ್.

ಎಲ್ಲರೂ ಆಪರೇಟರ್ ಅಕ್ಕನ ಕಡೆ ತಿರುಗಿದರು. ಅವಳ ಕೈಯಲ್ಲಿ ಅರ್ಧ ಮಡಿಸಿದ ಶೀಟಿತ್ತು.

"ಅಂದ್ರೆ," ಅಂದಳು, "ನಾನು ನಿಧಾನ ಇರ್ಲಿಲ್ವಾ?"

"ಇಲ್ಲಕ್ಕ. ಯಾವತ್ತೂ ಇರ್ಲಿಲ್ಲ."

ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಆಮೇಲೆ ಎರಡೂ ತೋಳು ಬಳಸಿ, ಮಡಿಸಿಟ್ಟ ಬಿಳಿ ರಾಶಿಯನ್ನು ಎದೆಗೆ ಅವುಚಿಕೊಂಡು ಎತ್ತಿದಳು. ಗಂಟುಗಳ ಗುಡ್ಡದ ತನಕ ನಡೆದಳು. ಬಿಚ್ಚಿ ಹರಡಿದ್ದ ರಕ್ತದ, ಹೇಲಿನ, ಕೀವಿನ ಬಟ್ಟೆಗಳ ಮೇಲೆ ರಾಶಿಯನ್ನು ದಬಕ್ಕನೆ ಬಿಟ್ಟಳು. ಕಾಲಿನಿಂದ ಒತ್ತಿ ಹೊಸಕಿದಳು.

ಬಡಕಲು ಮುದುಕ ಅದನ್ನು ನೋಡಿದ. ತಾನು ತಳ್ಳುತ್ತಿದ್ದ ಗಾಡಿಯನ್ನು ಮಗುಚಿದ. ಒದ್ದೆ ಶೀಟುಗಳು ಕೊಳೆನೀರಿನಲ್ಲಿ ಹರಡಿಕೊಂಡವು. ಉಳಿದವರು ಕೈ ತೊಳೆದುಕೊಂಡು ಹೊರಟರು.

ಮೇಸ್ತ್ರಿಯ ಕೂಗಿಗೆ ಮಾಲೀಕ ಓಡಿ ಬಂದ. ಕರ್ಚೀಫಿನಿಂದ ಮೂಗು ಮುಚ್ಚಿಕೊಂಡಿದ್ದ. ತನ್ನದೇ ಲಾಂಡ್ರಿಯ ವಾಸನೆ ಅವನಿಗೆ ಹೊಸದು.

"ಅನ್ನ ಹಾಕಿದ ಕೈಗೇ ಕಚ್ಚಿದೆಯಲ್ಲೋ ನಾಯಿ!"

"ನೀವು ಹೇಳಿದ ಕೆಲಸಾನೇ ಮಾಡಿದೀನಿ ಸಾರ್," ಅಂದ ಬೈಂಡರ್. "ಹೊತ್ತು ಮಾತ್ರ ಬದಲಾಯಿಸಿದೆ." ಗ್ಲೌಸನ್ನು ಕಳಚಿ ಮಾಲೀಕನ ಕಾಲ ಬಳಿ ಎಸೆದ. "ತಗೊಳ್ಳಿ. ಸಂಜೆಯೊಳಗೆ ಗಂಟು ಬಿಚ್ಚಬೇಕಲ್ಲ. ಸೂಜಿ ಇರುತ್ತೆ, ಜೋಪಾನ."

ಹೊರಗೆ ವ್ಯಾನಿನಲ್ಲಿ ಭಾಮೈದ ತಲೆಗೆ ಕೈ ಹೊತ್ತು ಕೂತಿದ್ದ. "ಭಾವ, ನನ್ನ ಕೆಲಸಾನೂ ತೆಗೀತಾರೆ. ಅಕ್ಕಂಗೆ ಏನಂತ ಮುಖ ತೋರಿಸ್ತೀರ?"

"ನಿನಗೆ ಮೊದ್ಲೇ ಗೊತ್ತಿತ್ತೇನೋ?"

ಅವನು ಸ್ಟೀರಿಂಗ್ ನೋಡಿದ. ಬೈಂಡರ್ ನಡೆದುಕೊಂಡೇ ಮನೆಗೆ ಹೋದ.

ಹೆಂಡತಿ ಎಲ್ಲ ಕೇಳಿಸಿಕೊಂಡಳು. ಭೇಷ್ ಅನ್ನಲಿಲ್ಲ. ತಬ್ಬಿಕೊಳ್ಳಲಿಲ್ಲ. ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು.

"ದೊಡ್ಡ ಮನುಷ್ಯರಾಗಿ ಬಂದ್ರಾ? ಸಂತೋಷ. ನಿಮ್ಮ ಮಾನ ಮೇಲಿರ್ಲಿ, ನನ್ನ ಗರ್ಭಕೋಶ ಕೆಳಗೆ ನೇತಾಡ್ಲಿ."

"ನಾನು ಏನು ಮಾಡಬೇಕಿತ್ತು ಹೇಳೇ?"

"ನನ್ನ ಕೇಳಬೇಡಿ. ನನಗೆ ನಿಂತ್ರೆ ಉಚ್ಚೆ ಸೋರುತ್ತೆ. ನ್ಯಾಯ ಹೇಳೋಕೆ ನನಗೆ ತ್ರಾಣ ಇಲ್ಲ." ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಬೆಳಿಗ್ಗೆ ಅವಳು ಹೊರಟಾಗ ಅವನೂ ಚಪ್ಪಲಿ ಮೆಟ್ಟಿದ. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಅವನು ಸೌದೆ ತಂದ, ನೀರು ತುಂಬಿದ, ಅಕ್ಕಿಯ ಮೂಟೆ ಇಳಿಸಿದ. ಅವಳು ತೊಳೆದಳು, ಹೆಚ್ಚಿದಳು, ಉಪ್ಪು ನೋಡಿದಳು. ಎತ್ತುವುದೆಲ್ಲ ಅವನು. ಅವಳ ಮುಖ ಸ್ವಲ್ಪ ಸಡಿಲವಾಯಿತು. "ಆ ಕಡೆ ಹೋಗಿ, ಬೆವರು ಸಾರಿಗೆ ಬೀಳುತ್ತೆ," ಎಂದು ಬೈದಳು. ಬೈದದ್ದು ಅವನಿಗೆ ಹಿತವಾಯಿತು.

ಅನ್ನ ಬೆಂದು ಬಸಿಯುವ ಹೊತ್ತಿಗೆ ಹಾಸ್ಟೆಲ್ಲಿನ ಮ್ಯಾನೇಜರ್ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಕೀ ಗೊಂಚಲು.

"ಯಾರಿವನು?"

"ನನ್ನ ಯಜಮಾನ್ರು ಸಾರ್," ಅಂದಳು ಹೆಂಡತಿ. "ನನಗೆ ಭಾರ ಎತ್ತಬಾರದು ಅಂದಿದಾರೆ ಡಾಕ್ಟರು. ಆಪರೇಷನ್ ಆಗಬೇಕು. ಎತ್ತೋ ಕೆಲಸಕ್ಕೆ ಇವರನ್ನ ತಗೊಳ್ಳಿ. ನಾನು ಮಲಗಿದ್ರೂ ಅಡುಗೆ ನಿಲ್ಲಲ್ಲ."

ಮ್ಯಾನೇಜರ್ ಬೈಂಡರ್‌ನ ಕೂದಲು ನೋಡಿದ. ಆಮೇಲೆ ಹಲ್ಲು ನೋಡಿದ. "ವಯಸ್ಸಾಗಿದೆಯಲ್ಲಮ್ಮ. ಸರಿ, ಮೂರ್ನಾಲ್ಕು ದಿನ ಸುಮ್ನೆ ಬಂದು ಮಾಡ್ಲಿ. ಹೆಂಗೆ ಮಾಡ್ತಾನೆ ನೋಡೋಣ. ಆಮೇಲೆ ಸಂಬಳದ ಮಾತು."

ಬೈಂಡರ್ ಅವಳಿಗೋಸ್ಕರ ಹಲ್ಲು ಕಚ್ಚಿದ. ಮಸಿಬಟ್ಟೆ ಹಿಡಿದು ಹಂಡೆಯ ಕಿವಿಗೆ ಕೈ ಹಾಕಲು ಬಗ್ಗಿದ.

"ಮುಟ್ಟಬೇಡಿ," ಅಂದಳು ಹೆಂಡತಿ.

ಅವನು ಬಗ್ಗಿದಲ್ಲೇ ತಿರುಗಿ ನೋಡಿದ. ಅವಳು ಸೊಂಟದ ಮೇಲೆ ಕೈಯಿಟ್ಟು, ನೋವಿಗೆ ಕಾಲು ಅಗಲಿಸಿ, ಒಲೆಗೂ ಮ್ಯಾನೇಜರಿಗೂ ನಡುವೆ ನಿಂತಿದ್ದಳು.

"ನೋಡೋದೇನಿದೆ ಸಾರ್? ಇಷ್ಟು ವರ್ಷ ನನ್ನ ನೋಡಿಲ್ವಾ? ಮೈಯಲ್ಲಿರೋದು ಹೊರಗೆ ಬರೋ ತನಕ ನೋಡಿದ್ರಲ್ಲ. ಇವತ್ತಿಂದಲೇ ಸಂಬಳ ಅಂದ್ರೆ ಇವರು ಎತ್ತುತ್ತಾರೆ. ಇಲ್ಲಾಂದ್ರೆ ನಾವಿಬ್ರೂ ಮುಟ್ಟಲ್ಲ."

"ಏನಮ್ಮಾ, ಬೆದರಿಸ್ತೀಯಾ? ಹುಡುಗರು ಊಟಕ್ಕೆ ಬರೋ ಹೊತ್ತು!"

ಬೈಂಡರ್ ನೆಟ್ಟಗಾದ. ಮಸಿಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಅವಳ ಪಕ್ಕ ನಿಂತ. ಒಲೆಯೊಳಗೆ ಸೌದೆ ಚಟಪಟ ಅಂದಿತು. ಗಂಜಿ ಹಂಡೆಯ ಅಂಚು ದಾಟಿ ಬೆಂಕಿಗೆ ಸುರಿಯಿತು. ಮ್ಯಾನೇಜರ್ ಹಂಡೆಯನ್ನು ನೋಡಿದ, ತನ್ನ ಅಂಗಿಯ ತೋಳನ್ನು ನೋಡಿಕೊಂಡ.

"ಬೇಗ ಹೇಳಿ ಸಾರ್," ಅಂದಳು ಅವಳು. "ತಳ ಹಿಡೀತಾ ಇದೆ."